ಹದಿನಾರು ಪದಗಳ ಯಂತ್ರ ಗೊತ್ತಿಲ್ಲದೆ ಬಗೆಹರಿಸಿದ್ದ ಸಮಸ್ಯೆ

1962ರ ಸಿಯಾಟಲ್ ವಿಶ್ವ ಮೇಳದಲ್ಲಿ ಐಬಿಎಂ ಮಾತನ್ನು ಗುರುತಿಸುವ ‘ಶೂಬಾಕ್ಸ್’ ಎಂಬ ಯಂತ್ರವನ್ನು ಪ್ರದರ್ಶಿಸಿತು. ಅದಕ್ಕೆ ತಿಳಿಯುತ್ತಿದ್ದದ್ದು 16 ಪದ: ಹತ್ತು ಅಂಕಿ, ಜೊತೆಗೆ ಪ್ಲಸ್, ಮೈನಸ್, ಟೋಟಲ್‌ನಂಥ ಆರು ಆಜ್ಞೆ. ಅದಕ್ಕೂ ಹತ್ತು ವರ್ಷ ಮೊದಲು ಬೆಲ್ ಲ್ಯಾಬ್ಸ್ ಕಟ್ಟಿದ್ದ ‘ಆಡ್ರಿ’ ಅಂಕಿಗಳನ್ನಷ್ಟೇ ಗುರುತಿಸುತ್ತಿತ್ತು. ಇವು ಬಡ ಯಂತ್ರಗಳು, ನಿಜ. ಆದರೆ ಏನು ಹೇಳಬೇಕು ಎಂಬ ಗೊಂದಲ ಬಳಸುವವರಿಗೆ ಇರಲಿಲ್ಲ.

ಪಟ್ಟಿ ಬೆಳೆಯುತ್ತ ಹೋಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಹಾರ್ಪಿ’ 1976ರ ಹೊತ್ತಿಗೆ 1,011 ಪದ ಕಲಿತಿತ್ತು. ಹೇಳಿದ್ದನ್ನು ಬರೆದುಕೊಳ್ಳುವ ತಂತ್ರಾಂಶವಾದ 1990ರ ಡ್ರ್ಯಾಗನ್ ಡಿಕ್ಟೇಟ್‌ಗೆ ಪದಪದಕ್ಕೂ ನಿಲ್ಲಿಸಿ ಹೇಳಬೇಕಿತ್ತು; 1997ರಲ್ಲಿ ಬಂದ ನ್ಯಾಚುರಲಿಸ್ಪೀಕಿಂಗ್ ತಡೆಯಿಲ್ಲದ ಮಾತನ್ನೂ ಬರೆದುಕೊಂಡಿತು. ಬರಹಕ್ಕೆ ಇದು ದೊಡ್ಡ ಅನುಕೂಲ. ಆಜ್ಞೆಗೆ ಮಾತ್ರ ಹೊಸ ತಲೆನೋವು: ‘ಡಿಲೀಟ್’ ಎಂದರೆ ಅಳಿಸಬೇಕೋ, ಆ ಪದವನ್ನೇ ಬರೆಯಬೇಕೋ?

2006ರ ಜುಲೈನಲ್ಲಿ ವಿಂಡೋಸ್ ವಿಸ್ಟಾದ ಪ್ರದರ್ಶನದಲ್ಲಿ ಈ ಪ್ರಶ್ನೆ ಎಲ್ಲರೆದುರು ಬಯಲಾಯಿತು. ‘ಡಿಯರ್ ಮಾಮ್’ ಎಂದದ್ದು ‘ಡಿಯರ್ ಆಂಟ್’ ಆಯಿತು. ಸರಿಪಡಿಸಲು ಹೇಳಿದ ‘ಡಿಲೀಟ್’, ‘ಸೆಲೆಕ್ಟ್ ಆಲ್’ ಕೂಡ ಪತ್ರದೊಳಗೇ ಅಕ್ಷರಗಳಾಗಿ ಕೂತವು. ಮೊದಲ ತಪ್ಪಿಗೆ ಧ್ವನಿಮಟ್ಟದ ದೋಷ ಕಾರಣವಿರಬಹುದು. ತಪ್ಪಿನ ಮೇಲೆ ತಪ್ಪು ಪೇರಿಸಿದ್ದು ಬರಹ ಮತ್ತು ಆಜ್ಞೆಯ ನಡುವೆ ಗಟ್ಟಿ ಗೋಡೆ ಇಲ್ಲದಿದ್ದದ್ದು. ಇಂದಿಗೂ ಇದಕ್ಕಿರುವ ಮುಖ್ಯ ಮದ್ದು ಎರಡು. ಒಂದು, ಬರಹಕ್ಕೂ ಆಜ್ಞೆಗೂ ಬೇರೆಬೇರೆ ಸ್ಥಿತಿ ಇಟ್ಟು, ಯಾವುದು ಚಾಲ್ತಿಯಲ್ಲಿದೆ ಎಂದು ಪರದೆಯಲ್ಲಿ ಸದಾ ತೋರಿಸುವುದು. ಇನ್ನೊಂದು, ಹಿಂದೆ ಮುಂದೆ ಮೌನವಿದ್ದರಷ್ಟೇ ಆಜ್ಞೆ ಎಂದು ಒಪ್ಪುವುದು. ಎರಡನೆಯದು ಕೇಳಲು ಚೆಂದ. ಆದರೆ ತಡವರಿಸಿ ಮಾತಾಡುವವರಿಗೆ ಅದು ಆಗಿಬರುವುದಿಲ್ಲ.

ಅದೇ ವಿಸ್ಟಾದಲ್ಲಿದ್ದ ಒಳ್ಳೆಯ ವಿಚಾರಗಳು ಈ ನಗೆಪಾಟಲಿನಲ್ಲಿ ಮರೆಯಾದವು. ಮೆನುವನ್ನು ಕಣ್ಣಿನಿಂದ ಹುಡುಕಬಹುದು, ಧ್ವನಿ ಆಜ್ಞೆಯನ್ನು ನೆನಪಿನಿಂದಲೇ ತೆಗೆಯಬೇಕು. ‘ಶೋ ನಂಬರ್ಸ್’ ಎಂದರೆ ಒತ್ತಬಹುದಾದ ಪ್ರತಿಯೊಂದರ ಮೇಲೂ ಸಂಖ್ಯೆ ಮೂಡುವ ವ್ಯವಸ್ಥೆ ಈ ಹೊರೆಯನ್ನು ಇಳಿಸಿತು. ಹೆಸರಿಲ್ಲದ ಚಿತ್ರ, ನಕ್ಷೆಗಳಿಗೆ ಮೌಸ್‌ಗ್ರಿಡ್ ಇತ್ತು: ಪರದೆ ಒಂಬತ್ತು ಚೌಕವಾಗುತ್ತದೆ, ಅಂಕಿ ಹೇಳಿದರೆ ಆ ಚೌಕ ಮತ್ತೆ ಒಂಬತ್ತಾಗುತ್ತದೆ. 1920×1080ರ ಪರದೆಯಲ್ಲಿ ಮೊದಲ ಚೌಕ 640×360 ಪಿಕ್ಸೆಲ್, ಎರಡನೆಯದು 213×120, ಮೂರನೆಯದು 71×40, ನಾಲ್ಕನೆಯದು ಸುಮಾರು 24×13. ನಾಲ್ಕೇ ಅಂಕಿಯಲ್ಲಿ ಸಣ್ಣ ಗುಂಡಿಯನ್ನೂ ಮುಟ್ಟಬಹುದು. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದ ವಾಯ್ಸ್ ಕಂಟ್ರೋಲ್, ನಂತರ ವಿಂಡೋಸ್ 11ರ ವಾಯ್ಸ್ ಆಕ್ಸೆಸ್ ಎರಡೂ ಈ ದಾರಿಯನ್ನೇ ಹಿಡಿದಿವೆ.

2011ರಲ್ಲಿ ಐಫೋನ್ 4ಎಸ್ ಜೊತೆ ಬಂದ ಸಿರಿ, 2014ರ ಅಮೆಜಾನ್ ಎಕೋ ‘ಹೇಗಾದರೂ ಹೇಳಿ, ಅರ್ಥವಾಗುತ್ತದೆ’ ಎಂಬ ನಂಬಿಕೆ ಬೆಳೆಸಿದವು. ದಿನಕ್ಕೆ ಹತ್ತು ಸಲ ಅಲಾರಂ, ಹವಾಮಾನ ಕೇಳುವವರಿಗೆ ಅದು ಸಾಕು. ಗಂಟೆಗೆ ನೂರಾರು ಸಲ ಕರ್ಸರ್ ಸರಿಸಬೇಕಾದವರಿಗೆ ‘ದಯವಿಟ್ಟು ಮೂರು ಸಾಲು ಕೆಳಗೆ ಹೋಗು’ ಎಂಬ ಸಹಜ ವಾಕ್ಯವೇ ಶಿಕ್ಷೆ. ವಾಕ್ಯ ಮುಗಿಯಿತೋ ಇಲ್ಲವೋ ಎಂದು ಯಂತ್ರ ಪ್ರತಿ ಸಲ ಕಾಯುವುದು ಬೇರೆ.

ಹಾಗಾಗಿ ಕೈನೋವಿನಿಂದ ಕೀಲಿಮಣೆ ಬಿಟ್ಟ ಪ್ರೋಗ್ರಾಮರ್‌ಗಳು ವಿರುದ್ಧ ದಿಕ್ಕಿಗೆ ನಡೆದರು. 2013ರಲ್ಲಿ ಪೈಥಾನ್ ಪ್ರೋಗ್ರಾಮರ್‌ಗಳ ಪೈಕಾನ್ ಸಮ್ಮೇಳನದಲ್ಲಿ ಟಾವಿಸ್ ರಡ್ ಬಾಯಿಮಾತಿನಲ್ಲೇ ಕೋಡ್ ಬರೆದು ತೋರಿಸಿದಾಗ ಎಂಟರ್ ಕೀಲಿಗೆ ಬಳಸಿದ ಪದ ‘ಸ್ಲ್ಯಾಪ್’. ಕಂಪ್ಯೂಟರನ್ನು ಧ್ವನಿಯಿಂದ ನಡೆಸುವ ಟ್ಯಾಲನ್ ತಂತ್ರಾಂಶ ಬಳಸುವವರ ಅಕ್ಷರಮಾಲೆ ‘ಏರ್, ಬ್ಯಾಟ್, ಕ್ಯಾಪ್, ಡ್ರಮ್’ ಎಂದು ಸಾಗುತ್ತದೆ. ಇಂಗ್ಲಿಷಿನ ಬಿ, ಡಿ, ಪಿ, ಟಿ, ವಿ ಕೊನೆಯಲ್ಲಿ ಒಂದೇ ಸ್ವರ ಎಳೆಯುವುದರಿಂದ ಯಂತ್ರಕ್ಕೆ ಅವುಗಳ ಭೇದ ತಿಳಿಯುವುದು ಕಷ್ಟ. ವಿಮಾನಯಾನದಲ್ಲಿ ಎನ್ ಅಕ್ಷರಕ್ಕೆ ಹೇಳುವ ‘ನವೆಂಬರ್’ ಬಗೆಯ ಪದಗಳು ಸ್ಪಷ್ಟ, ಆದರೆ ಉದ್ದ. ಮೊದಲ ದಿನ ವಿಚಿತ್ರವಾಗಿ ಕೇಳುವ ಈ ಗಿಡ್ಡ ಪದಗಳೇ ವಾರ ಕಳೆದ ಮೇಲೆ ಸಹಜವೆನಿಸುತ್ತವೆ. ಶೂಬಾಕ್ಸ್‌ಗೆ ಅನಿವಾರ್ಯವಾಗಿದ್ದ ಕಿರುಪಟ್ಟಿ ಇಲ್ಲಿ ಬೇಕೆಂದೇ ಮಾಡಿಕೊಂಡ ಆಯ್ಕೆ.

ನಿಮ್ಮದೇ ಆಜ್ಞೆಗಳ ಪಟ್ಟಿ ಕಟ್ಟುವ ಕ್ರಮ ಹೀಗಿರಲಿ. ಹೆಚ್ಚು ಬಳಸುವ ಕೆಲಸಗಳಿಗೆ ಗಿಡ್ಡ ಪದ ಕೊಡಿ. ಅಳಿಸುವುದು, ಕಳುಹಿಸುವುದು, ಮುಚ್ಚುವುದರಂಥ ಅಪಾಯದ ಕೆಲಸಗಳಿಗೆ ಬೇಕೆಂದೇ ಎರಡು ಪದ ಇಡಿ. ಬ್ರೌಸರ್‌ಗೆ ಬೇಕಾದ ಆಜ್ಞೆಗಳು ಬ್ರೌಸರ್ ಮುಂದಿದ್ದಾಗ ಮಾತ್ರ ಎಚ್ಚರವಾಗಿರಲಿ: ಒಂದು ಕ್ಷಣದಲ್ಲಿ ಸ್ಪರ್ಧಿಸುವ ಪದ ಕಡಿಮೆಯಾದಷ್ಟೂ ತಪ್ಪು ಕಡಿಮೆ. ಆಮೇಲೆ ಪ್ರತಿ ಪದವನ್ನೂ ಇಪ್ಪತ್ತು ಸಲ ಹೇಳಿ, ಅರ್ಧ ನಿಶ್ಶಬ್ದದಲ್ಲಿ, ಅರ್ಧ ಫ್ಯಾನ್ ಸದ್ದಿನಲ್ಲಿ. ಯಾವುದು ಯಾವುದಾಗಿ ಕೇಳಿಸಿತೆಂದು ಕೋಷ್ಟಕ ಮಾಡಿ. ಅದಲುಬದಲಾದ ಜೋಡಿಯಲ್ಲಿ ಒಂದನ್ನು ಕೈಬಿಡಿ. ಉಚ್ಚಾರಣೆ ತಿದ್ದಿಕೊಳ್ಳಲು ಹೋಗಬೇಡಿ, ಗಂಟಲು ಸೋಲುತ್ತದೆ.

ಕಿರುಪಟ್ಟಿಗೂ ಒಂದು ಕೆಡುಕಿದೆ. ‘ಇದು ಯಾವುದೂ ಅಲ್ಲ’ ಎನ್ನುವ ಅವಕಾಶ ಯಂತ್ರಕ್ಕೆ ಕೊಡದಿದ್ದರೆ ಕೆಮ್ಮು, ಕುರ್ಚಿ ಎಳೆದ ಸದ್ದು, ಪಕ್ಕದವರ ಮಾತು ಎಲ್ಲವೂ ಪಟ್ಟಿಯ ಹತ್ತಿರದ ಪದಕ್ಕೆ ಹೋಗಿ ಅಂಟಿಕೊಳ್ಳುತ್ತವೆ. ಅದಕ್ಕೇ ಕೆಲಸಕ್ಕೆ ಬಾರದ ಸದ್ದುಗಳನ್ನು ನುಂಗುವ ಒಂದು ಮಾದರಿಯನ್ನೂ, ಖಾತ್ರಿ ಕಡಿಮೆಯಿದ್ದರೆ ಸುಮ್ಮನಿರುವ ಮಿತಿಯನ್ನೂ ಸೇರಿಸಬೇಕು. ಯಂತ್ರ ಕೇಳುವುದನ್ನು ನಿಲ್ಲಿಸುವ ‘ಮಲಗು’ ಆಜ್ಞೆ ಒಂದೇ ಪದವಾದರೂ ನಡೆಯುತ್ತದೆ. ಎಬ್ಬಿಸುವ ಆಜ್ಞೆ ಮಾತ್ರ ಮಾತಿನ ನಡುವೆ ತಪ್ಪಿಯೂ ಬರದಂಥ ಎರಡು ಮೂರು ಪದಗಳದ್ದಿರಲಿ.

ಇಷ್ಟಾದರೂ ಸರಿಹೋಗದಿದ್ದರೆ ಮೈಕ್ ನೋಡಿ. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಚಾಲೂ ಆದಾಗ ಕೆಲವು ಸಾಧನಗಳಲ್ಲಿ ಧ್ವನಿಯನ್ನು ಅಳೆಯುವ ವೇಗ ಸೆಕೆಂಡಿಗೆ 8,000 ಸಲಕ್ಕೆ ಇಳಿಯುತ್ತದೆ. ಅದರ ಅರ್ಧದಷ್ಟು ಕಂಪನದವರೆಗಿನ ಸದ್ದು ಮಾತ್ರ ಉಳಿಯುವುದರಿಂದ 4,000 ಹರ್ಟ್ಸ್ ಮೇಲಿನದ್ದೆಲ್ಲ ಮಾಯ. ಸ, ಫ಼ದಂಥ ಉಚ್ಚಾರಗಳ ಗುರುತು ಬಹುಪಾಲು ಅಲ್ಲೇ ಇರುವುದು. ತಂತಿಯ ಹೆಡ್‌ಸೆಟ್ ಹಾಕಿ, ಮೈಕನ್ನು ಉಸಿರು ಬಡಿಯದಂತೆ ತುಟಿಯ ಪಕ್ಕಕ್ಕೆ ಸರಿಸಿದರೆ ಅರ್ಧ ದೂರು ನಿಲ್ಲುತ್ತದೆ.

ಕನ್ನಡದಲ್ಲಿ ಪಟ್ಟಿ ಕಟ್ಟುವವರಿಗೆ ಇನ್ನೆರಡು ಎಚ್ಚರಿಕೆ. ಇಂಗ್ಲಿಷ್ ಆಜ್ಞೆಯಲ್ಲಿ ಕ್ರಿಯಾಪದ ಮೊದಲು, ನಮ್ಮಲ್ಲಿ ಕೊನೆಗೆ. ‘ಮೂರನೇ ಸಾಲು’ ಎಂದ ತಕ್ಷಣ ಆ ಸಾಲಿಗೆ ಬಣ್ಣ ಹಚ್ಚಿ ತೋರಿಸಿ, ‘ಅಳಿಸು’ ಬರುವವರೆಗೆ ಕಾದರೆ, ತಪ್ಪು ಸಾಲು ಹಿಡಿದಿದ್ದು ಅನಾಹುತಕ್ಕೆ ಮೊದಲೇ ಕಾಣುತ್ತದೆ. ಎರಡನೆಯದು ಅಂಕಿಗಳದ್ದು. ಆರು, ಏಳು, ಹತ್ತು ಕ್ರಿಯಾಪದಗಳೂ ಹೌದು. ಮಲಗಿದ ಯಂತ್ರವನ್ನು ‘ಏಳು’ ಎಂದು ಎಬ್ಬಿಸುವ ಆಸೆ ಯಾರಿಗಾದರೂ ಬರುತ್ತದೆ. ಬಂದರೆ ಅಂಕಿಗಳ ಮುಂದೆ ‘ನಂಬರ್’ ಎಂಬ ಪದವನ್ನು ಕಡ್ಡಾಯ ಮಾಡಬೇಕಾಗುತ್ತದೆ.