ಕತ್ತಲನ್ನು ನಿಭಾಯಿಸುವವರು

ನಾಟಕದ ದೃಶ್ಯವೊಂದು ಮುಗಿದು ರಂಗ ಪೂರ್ತಿ ಕತ್ತಲಾದಾಗ ಪ್ರೇಕ್ಷಕರಿಗೆ ಅದು ಉಸಿರಾಡುವ ಬಿಡುವು. ನೇಪಥ್ಯದವರಿಗೆ ಅತ್ಯಂತ ಬಿಗುವಿನ ಹೊತ್ತು. ಸಿಂಹಾಸನ ಒಳಗೆ ಹೋಗಬೇಕು, ಮೆಟ್ಟಿಲು ಹೊರಗೆ ಬರಬೇಕು, ನಟರು ಹೊಸ ಜಾಗದಲ್ಲಿ ನಿಂತಿರಬೇಕು. ಇಷ್ಟೂ ಕೆಲವೇ ಸೆಕೆಂಡುಗಳಲ್ಲಿ ಸದ್ದಿಲ್ಲದೆ ಮುಗಿಯಬೇಕು. ಈ ಕೆಲಸದ ಹಿಂದೆ ಮನುಷ್ಯನ ಕಣ್ಣಿನ ಮಿತಿಗಳ ಕುರಿತ ನಿಖರವಾದ ತಿಳಿವಳಿಕೆ ಇದೆ.

ಮಂದ ಬೆಳಕಿನಲ್ಲಿ ನಮಗೆ ನೋಟ ಕೊಡುವುದು ಅಕ್ಷಿಪಟದಲ್ಲಿರುವ ರಾಡ್ ಕೋಶಗಳು. ಪ್ರಖರ ಬೆಳಕು ಬಿದ್ದಾಗ ಅವುಗಳಲ್ಲಿರುವ ರೋಡಾಪ್ಸಿನ್ ಎಂಬ ವರ್ಣದ್ರವ್ಯ ವಿಘಟನೆಗೊಳ್ಳುತ್ತದೆ. ಅದು ಮತ್ತೆ ತುಂಬಿಕೊಂಡು ಕಣ್ಣು ಕತ್ತಲೆಗೆ ಚೆನ್ನಾಗಿ ಒಗ್ಗಲು 20ರಿಂದ 30 ನಿಮಿಷವಾದರೂ ಬೇಕು. ಆದ್ದರಿಂದ ಬೆಳಗಿದ ರಂಗವನ್ನೇ ನೋಡುತ್ತಿದ್ದ ಪ್ರೇಕ್ಷಕರಿಗೆ ಕತ್ತಲಾದ ಕೂಡಲೇ ಬಹುತೇಕ ಏನೂ ಕಾಣುವುದಿಲ್ಲ. ರಂಗದ ಪಕ್ಕದ ಮರೆಯಾದ ಸೈಡ್ ವಿಂಗ್‌ನಲ್ಲಿ ಮಂದವಾದ ನೀಲಿ ದೀಪದಡಿ ಕಾಯುತ್ತಿದ್ದವರ ಕಣ್ಣು ಮಾತ್ರ ಅಷ್ಟರಲ್ಲಿ ಕತ್ತಲೆಗೆ ಸಜ್ಜಾಗಿರುತ್ತದೆ. ರಾಡ್ ಕೋಶಗಳು ಸುಮಾರು 500 ನ್ಯಾನೋಮೀಟರ್ ತರಂಗಾಂತರದ ನೀಲಿ-ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುವುದರಿಂದ ತೀರ ಕ್ಷೀಣವಾದ ನೀಲಿಯೂ ಅವರ ಕೆಲಸಕ್ಕೆ ಸಾಕಾಗುತ್ತದೆ.

ನಿಜವಾದ ಕಷ್ಟ ಬೆಳಕಿನಿಂದ ನೇರ ಕತ್ತಲೆಗೆ ಬೀಳುವ ನಟರದು. ಅವರಿಗಾಗಿ ಮೆಟ್ಟಿಲಿನ ಅಂಚಿಗೆ, ವೇದಿಕೆಯ ತುದಿಗೆ ಉಗುರಿನಗಲದ ಹೊಳೆಯುವ ಟೇಪಿನ ತುಣುಕುಗಳನ್ನು ಅಂಟಿಸಿರುತ್ತಾರೆ. ಇಂಥ ಒಳ್ಳೆಯ ಟೇಪುಗಳಲ್ಲಿರುವ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ವಸ್ತು ಬೆಳಕಿನ ಶಕ್ತಿಯನ್ನು ಹೀರಿಕೊಂಡು, ಅದರ ಒಂದಂಶವನ್ನು ಹರಳಿನೊಳಗೆ ಹಿಡಿದಿಟ್ಟು, ನಿಧಾನವಾಗಿ ಹಸಿರು ಹೊಳಪಾಗಿ ಬಿಟ್ಟುಕೊಡುತ್ತದೆ. ದೀಪದ ಬೆಳಕು ತಲುಪದ ಮೂಲೆಯಲ್ಲಿ ಅಂಟಿಸಿದ ತುಣುಕು ಹೊಳೆಯಲಾರದು. ಹಾಗಾಗಿ ಪ್ರದರ್ಶನಕ್ಕೆ ಮೊದಲು ಟಾರ್ಚ್ ಹಿಡಿದು ಒಂದೊಂದಕ್ಕೂ ಬೆಳಕುಣಿಸುವುದೂ ನೇಪಥ್ಯದ ಒಂದು ಕೆಲಸವೇ. ಹೆಗ್ಗೋಡಿನ ನೀನಾಸಂ ತಿರುಗಾಟದಂತೆ ಊರೂರು ಸುತ್ತುವ ತಂಡಗಳಿಗೆ ಪ್ರತಿ ಸಭಾಂಗಣದ ಕತ್ತಲೆಯೂ ಬೇರೆಯೇ ಆಗಿರುವುದರಿಂದ ಈ ಸಿದ್ಧತೆಯನ್ನು ಪ್ರತಿ ಸಲವೂ ಹೊಸದಾಗಿ ಮಾಡಬೇಕಾಗುತ್ತದೆ.

ಬೆಳಕನ್ನು ನಂದಿಸುವುದು ಇದಕ್ಕಿಂತ ಸೂಕ್ಷ್ಮವಾದ ಕೆಲಸ. ನಮ್ಮ ಕಣ್ಣು ಬೆಳಕನ್ನು ನೇರ ಲೆಕ್ಕದಲ್ಲಿ ಅಳೆಯುವುದಿಲ್ಲ. ದೀಪದ ಬೆಳಕನ್ನು ಹತ್ತನೇ ಒಂದು ಪಾಲಿಗೆ ಇಳಿಸಿದರೂ ನಮಗದು ಅರ್ಧದಷ್ಟು ಕಡಿಮೆಯಾದಂತೆ ತೋರುತ್ತದೆ. ಹ್ಯಾಲೊಜನ್ ದೀಪದ ತಂತಿ ಆರುವಾಗ ಬಣ್ಣ ಕೆಂಪಾಗುತ್ತಾ, ಶಾಖ ನಿಧಾನವಾಗಿ ಇಳಿಯುತ್ತಾ ಹೋಗುವುದರಿಂದ ಫೇಡ್ ಔಟ್, ಅಂದರೆ ಬೆಳಕು ಮೆಲ್ಲನೆ ಕರಗುವುದು, ತಾನಾಗಿಯೇ ನಯವಾಗುತ್ತಿತ್ತು. ಎಲ್‌ಇಡಿಗೆ ಆ ಗುಣವಿಲ್ಲ. 1986ರಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ, ದೀಪಗಳಿಗೆ ಆದೇಶ ಕಳಿಸುವ ಡಿಎಂಎಕ್ಸ್ 512 ವ್ಯವಸ್ಥೆಯಲ್ಲಿ ಒಂದು ಚಾನೆಲ್‌ಗೆ (ಆದೇಶ ಹೋಗುವ ಒಂದು ದಾರಿಗೆ) ದೊರೆಯುವುದು ಪ್ರಖರತೆಯ 256 ಹಂತಗಳು ಮಾತ್ರ. ಬೆಳಕು ಹೆಚ್ಚಿರುವಾಗ ಈ ಹಂತಗಳು ಗೊತ್ತಾಗುವುದಿಲ್ಲ, ಕೊನೆಯ ನಾಲ್ಕೈದರಲ್ಲಿ ಮಾತ್ರ ಬೆಳಕು ಮೆಟ್ಟಿಲಿಳಿದಂತೆ ಕುಪ್ಪಳಿಸುವುದು ಕಣ್ಣಿಗೆ ಬೀಳುತ್ತದೆ. ಸಾಯುತ್ತಿರುವ ಪಾತ್ರದ ಮುಖದ ಮೇಲೆ ಹಾಗಾದರೆ ದೃಶ್ಯವೇ ಕೆಟ್ಟಂತೆ. ಅದನ್ನು ತಪ್ಪಿಸಲು ಒಂದೇ ದೀಪದ ಪ್ರಖರತೆಗೆ ಎರಡು ಚಾನೆಲ್‌ಗಳನ್ನು ಜೋಡಿಸುತ್ತಾರೆ. ಆಗ ಹಂತಗಳು 65,536 ಆಗುತ್ತವೆ. ಇಷ್ಟಿದ್ದರೂ ಫೇಡ್ ಔಟ್ ಆರಂಭಿಸುವ ಕ್ಷಣವನ್ನು ಯಂತ್ರ ನಿರ್ಧರಿಸುವುದಿಲ್ಲ. ಅಂದಿನ ನಟ ಕೊನೆಯ ಮಾತಿಗೆ ತೆಗೆದುಕೊಂಡ ಉಸಿರನ್ನು ಗಮನಿಸಿ, ಬೆಳಕಿನ ನಿರ್ವಾಹಕರು ಗುಂಡಿ ಒತ್ತುತ್ತಾರೆ.