ಹಾಜರಿ ಪಟ್ಟಿಯಿಂದ ಕ್ಯಾಮೆರಾಕ್ಕೆ: ಖಾತ್ರಿ ಕೆಲಸದಲ್ಲಿ ಯಾರ ಮೇಲೆ ಯಾರ ಕಣ್ಣು?

ರಾಯಚೂರಿಗೆ ಉದ್ಯೋಗ ಖಾತ್ರಿ ಬಂದದ್ದು 2006ರ ಫೆಬ್ರವರಿಯಲ್ಲಿ, ಮೊದಲ ಹಂತದಲ್ಲೇ. ಬಳ್ಳಾರಿ ಮರುವರ್ಷ, ಕೊಪ್ಪಳ 2008ರಲ್ಲಿ ಸೇರಿದವು. ಆಗ ನಿಗಾ ಇಡುವ ಹಕ್ಕು ಕೂಲಿಕಾರರದು. ಕಾಯ್ದೆಯ 17ನೇ ಕಲಂ ಗ್ರಾಮಸಭೆಗೆ ಸಾಮಾಜಿಕ ಪರಿಶೋಧನೆಯ ಅಧಿಕಾರ ಕೊಟ್ಟಿತ್ತು; ಎನ್‌ಎಂಆರ್, ಅಂದರೆ ಹಾಜರಿ ಪಟ್ಟಿ, ಕೆಲಸದ ಜಾಗದಲ್ಲಿರಬೇಕು, ಕೇಳಿದವರಿಗೆ ತೋರಿಸಬೇಕು. ಊರಲ್ಲಿಲ್ಲದವರ ಹೆಸರಿಗೆ ಬಿದ್ದ ಕೂಲಿ ಬಯಲಾಗಲು ಆ ಪಟ್ಟಿಯನ್ನು ಎಲ್ಲರೆದುರು ಓದಿದರೆ ಸಾಕಿತ್ತು.

ಅದೇ ಕಳ್ಳ ಹಾಜರಿಯ ಕಾರಣ ಹೇಳಿ 2021ರ ಮೇನಲ್ಲಿ, ಮೊಬೈಲಿನಲ್ಲೇ ಫೋಟೊ ಸಮೇತ ಹಾಜರಿ ಹಾಕುವ ಎನ್‌ಎಂಎಂಎಸ್ ಆ್ಯಪ್ ಬಂತು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿ ಕಾಮಗಾರಿ ಬಿಟ್ಟು ಉಳಿದೆಲ್ಲದಕ್ಕೂ ಕಡ್ಡಾಯವಾಯಿತು.

ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮೇಲ್ವಿಚಾರಕರು, ಮೊಬೈಲಿನಲ್ಲಿ ಎನ್‌ಎಂಆರ್ ತೆರೆದು, ಹಾಜರಿ ಹಾಕಿ, ಗುಂಪಿನ ಫೋಟೊ ತೆಗೆಯಬೇಕು; ಜಾಗದ ಗುರುತು ತಾನೇ ಸೇರಿಕೊಳ್ಳುತ್ತದೆ. ನಾಲ್ಕು ತಾಸು ಬಿಟ್ಟು ಎರಡನೇ ಫೋಟೊ. ತೊಡಕು ಇಲ್ಲಿದೆ. ಬದು, ಹೂಳಿನ ಕೆಲಸಕ್ಕೆ ಕೂಲಿ ಬೀಳುವುದು ಅಗೆದ ಮಣ್ಣಿನ ಅಳತೆಗೆ, ತಾಸಿಗಲ್ಲ. ಲಿಂಗಸುಗೂರು, ಕುಷ್ಟಗಿ ಕಡೆ ಬೇಸಿಗೆಯಲ್ಲಿ ನಸುಕಿಗೇ ಹೋಗಿ ಬಿಸಿಲೇರುವ ಮುಂಚೆ ಅಳತೆ ಮುಗಿಸಿದರೂ ಫೋಟೊಗೆ ಕಾಯಬೇಕು. ನೆಟ್‌ವರ್ಕ್ ಸಿಗದಿದ್ದರೆ ಬೆಳಗಿನ ಹಾಜರಿಯನ್ನು ಆಫ್‌ಲೈನಿನಲ್ಲಿ ಹಾಕಿ ಆಮೇಲೆ ಕಳಿಸಬಹುದು. ಅದೂ ಕೈಕೊಟ್ಟರೆ ಕೈಯಿಂದ ಹಾಜರಿ ಸೇರಿಸಲು ಒಪ್ಪಿಗೆ ಕೊಡಬೇಕಾದವರು ಜಿಲ್ಲಾ ಪಂಚಾಯ್ತಿ ಸಿಇಒ. ಗುದ್ದಲಿ ಹಿಡಿದವಳಿಗೆ ಆ ಕಚೇರಿ ಬಲು ದೂರ.

ಹೀಗಾಗಿ ಈ ಸೀಮೆಯಲ್ಲಿ ಕ್ಯಾಮೆರಾ ಮೇಲಿನ ತಕರಾರು ಖಾಸಗಿತನದ ಮಾತಾಗಿ ಬರುವುದು ಅಪರೂಪ, ಹೋದ ಹಾಜರಿಯ ಮಾತಾಗಿಯೇ ಬರುತ್ತದೆ. ಹಾಗೆಂದು ಖಾಸಗಿತನದ ಪ್ರಶ್ನೆ ಇಲ್ಲವೆಂದಲ್ಲ. ಆ ಫೋಟೊಗಳು ಲಾಗಿನ್ ಕೂಡ ಬೇಕಿಲ್ಲದಂತೆ ಯೋಜನೆಯ ಜಾಲತಾಣದಲ್ಲಿ ಬಿದ್ದವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಅದಕ್ಕೆ ಕೈಹಾಕಲು ಕಾನೂನಿನ ಆಧಾರ ಬೇಕು, ಸರಿಯಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈಹಾಕಬೇಕು. ಆ್ಯಪ್ ಎಡವುವುದು ಮೂರನೆಯದರಲ್ಲಿ. ಕಳ್ಳತನವಾದರೂ ನಿಂತಿತೇ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಫೋಟೊದ ಫೋಟೊ, ಸಂಬಂಧವಿಲ್ಲದ ಚಿತ್ರ, ಹಲವು ಪಟ್ಟಿಗಳಲ್ಲಿ ಅವೇ ಮುಖಗಳನ್ನು ಪತ್ತೆ ಮಾಡಿ, ಪಂಚಾಯ್ತಿಯಲ್ಲಿ ಪ್ರತಿ ಫೋಟೊ ತಾಳೆ ನೋಡಿ ಎಂದಿತು.

ಇತ್ತ 2023ರ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಕಲಮಿಗೆ ತಿದ್ದುಪಡಿ ತಂದು, ಅಲ್ಲಿದ್ದ ಸಾರ್ವಜನಿಕ ಹಿತದ ಮಾತನ್ನು ತೆಗೆಯಿತು. ಹಾಜರಿ ಪಟ್ಟಿ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂದು ಜಾರಿಕೊಳ್ಳಲು ಇದು ಸಾಕು. ಆದರೆ ಸಾರ್ವಜನಿಕ ಹಿತ ಹೆಚ್ಚಿದ್ದರೆ ಮಾಹಿತಿ ಕೊಡಬಹುದೆನ್ನುವ 8(2) ಕಲಂ ಇನ್ನೂ ಉಳಿದಿದೆ. ಅರ್ಜಿಯಲ್ಲೇ ಅದನ್ನು ನಮೂದಿಸಿ, ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯ ಅಧಿಕಾರವನ್ನೂ ಜೊತೆಗಿಟ್ಟರೆ ನಿರಾಕರಿಸುವುದು ಕಷ್ಟ.