ಇಷ್ಟದ ಕಾರು ಯಾವುದೆಂದು ಕೇಳಿದರೆ ಮನುಷ್ಯರ ಸ್ವಭಾವ ಗೊತ್ತಾಗುತ್ತದೆಯೇ?

ಪ್ರಶ್ನೆ: ಯಾರಿಗೆ ಯಾವ ಕಾರು ಇಷ್ಟ ಅನ್ನುವುದು ತಿಳಿದರೆ ಅವರು ಎಂಥವರು ಅಂತ ಹೇಳಬಹುದು ಎನ್ನುತ್ತಾರೆ. ಕೆಂಪು ಸ್ಪೋರ್ಟ್ಸ್ ಕಾರು ಬೇಕೆನ್ನುವವರು ದುಡುಕಿನವರು, ಬಿಳಿ ಸೆಡಾನ್ ಮೆಚ್ಚುವವರು ಶಿಸ್ತಿನವರು, ದೊಡ್ಡ ಎಸ್‌ಯುವಿ ಕಂಡರೆ ಕಣ್ಣರಳಿಸುವವರು ಜಂಬದವರು ಅಂತೆಲ್ಲ. ಇದರಲ್ಲಿ ಏನಾದರೂ ನಿಜವಿದೆಯೇ?

ಉತ್ತರ: ಸ್ವಲ್ಪ ಇದೆ, ಆದರೆ ಜನ ಹುಡುಕುವ ಜಾಗದಲ್ಲಿ ಇಲ್ಲ. ಕಾರಿನ ಹೆಸರೊಂದನ್ನೇ ಹಿಡಿದುಕೊಂಡು ಸ್ವಭಾವ ಹೇಳಲು ಹೊರಟರೆ ಹೆಚ್ಚಿನ ಸಲ ತಪ್ಪುತ್ತೇವೆ. ಅದೇ ಕಾರು ಯಾಕೆ ಇಷ್ಟ ಅಂತ ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನೆ ಕೇಳಿಸಿಕೊಂಡರೆ ಬೇಕಾದಷ್ಟು ತಿಳಿಯುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಇಷ್ಟದ ಕಾರು ಬೇರೆ, ಓಡಿಸುತ್ತಿರುವ ಕಾರು ಬೇರೆ. ಓಡಿಸುವ ಕಾರನ್ನು ನಿರ್ಧರಿಸುವುದು ಕೈಯಲ್ಲಿದ್ದ ದುಡ್ಡು, ಸಿಕ್ಕ ಸಾಲ, ಮನೆಯಲ್ಲಿರುವ ಜನ, ನಿಲ್ಲಿಸಲು ಇರುವ ಜಾಗ, ಮೈಲೇಜ್. ಎಷ್ಟೋ ಮಂದಿ ಅಪ್ಪ ಬಿಟ್ಟುಕೊಟ್ಟ ಕಾರನ್ನೇ ಓಡಿಸುತ್ತಿರುತ್ತಾರೆ. ಅಂಥ ಕಾರು ಅವರ ಪರಿಸ್ಥಿತಿಯನ್ನು ಹೇಳುತ್ತದೆಯೇ ಹೊರತು ಮನಸ್ಸನ್ನಲ್ಲ. ಇಷ್ಟದ ಕಾರಿಗೆ ಈ ಯಾವ ಕಟ್ಟೂ ಇಲ್ಲ. ಕೊಳ್ಳಲಾಗದ್ದನ್ನೂ ಇಷ್ಟಪಡಬಹುದು, ತಯಾರಿ ನಿಂತುಹೋದದ್ದನ್ನೂ ಇಷ್ಟಪಡಬಹುದು. ಹಾಗಾಗಿ ಮನಸ್ಸಿನ ವಿಷಯಕ್ಕೆ ಬಂದರೆ ಇಷ್ಟದ ಕಾರೇ ಒಳ್ಳೆಯ ಸಾಕ್ಷಿ.

ಕಾರಿಗೂ ಸ್ವಭಾವಕ್ಕೂ ಗಂಟು ಹಾಕುವ ಅಭ್ಯಾಸ ತಾನಾಗಿ ಬಂದದ್ದಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಎಲ್ಲರಿಗೂ ಒಂದೇ ಕಾರು ಎಂಬ ಲೆಕ್ಕದಲ್ಲಿ ತಯಾರಾಗುತ್ತಿತ್ತು. 1914ರಿಂದ 1925ರವರೆಗೆ ಅದು ಸಿಗುತ್ತಿದ್ದದ್ದೇ ಕಪ್ಪು ಬಣ್ಣದಲ್ಲಿ. ಇದಕ್ಕೆ ಎದುರಾಗಿ ಜನರಲ್ ಮೋಟರ್ಸ್‌ನ ಆಲ್ಫ್ರೆಡ್ ಸ್ಲೋನ್ 1920ರ ದಶಕದಲ್ಲಿ ಒಂದು ಏಣಿ ಕಟ್ಟಿದರು. ಕೆಳಗಿನ ಮೆಟ್ಟಿಲಲ್ಲಿ ಶೆವರ್ಲೆ, ತುತ್ತತುದಿಯಲ್ಲಿ ಕ್ಯಾಡಿಲಾಕ್, ನಡುವೆ ಉಳಿದವು. ಒಬ್ಬೊಬ್ಬರ ಜೇಬಿಗೂ ಅಗತ್ಯಕ್ಕೂ ತಕ್ಕ ಒಂದೊಂದು ಕಾರು ಎಂಬುದು ಅವರ ಸೂತ್ರ. ಸಂಬಳ ಏರಿದಂತೆ ಕಾರೂ ಮೆಟ್ಟಿಲು ಹತ್ತಬೇಕು, ಅಕ್ಕಪಕ್ಕದವರಿಗೆ ಅದು ಕಾಣಬೇಕು. ನೀವು ಯಾವ ಕಾರು ಓಡಿಸುತ್ತೀರೋ ನೀವು ಅಂಥವರು ಎಂಬ ನಂಬಿಕೆ ಬೆಳೆದದ್ದು ಈ ವ್ಯಾಪಾರದ ಜೊತೆಜೊತೆಗೆ. ಜಾಹೀರಾತಿನವರು ಅದಕ್ಕೆ ನೀರೆರೆದರು.

ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಸಂಶೋಧಕ ಫ್ರಾಂಕ್ಲಿನ್ ಇವಾನ್ಸ್. ಆಗ ಅಮೆರಿಕದಲ್ಲಿ ಫೋರ್ಡ್ ಕೊಳ್ಳುವವರು ಸ್ವತಂತ್ರ ಮನೋಭಾವದವರು, ಧೈರ್ಯವಂತರು, ಶೆವರ್ಲೆ ಕೊಳ್ಳುವವರು ಸಂಪ್ರದಾಯಸ್ಥರು, ಹಿಡಿತದವರು ಎಂಬ ಮಾತು ಮಾರುಕಟ್ಟೆಯಲ್ಲಿ ಓಡಾಡುತ್ತಿತ್ತು. ಇವಾನ್ಸ್ ಎರಡೂ ಬಗೆಯ ಮಾಲೀಕರನ್ನು ಹಿಡಿದು ವ್ಯಕ್ತಿತ್ವ ಪರೀಕ್ಷೆಗೆ ಕೂರಿಸಿದರು. 1959ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪಿನ ಅಂಕಗಳು ಬಹುಮಟ್ಟಿಗೆ ಒಂದರ ಮೇಲೊಂದು ಕೂತವು. ಆ ಅಂಕಗಳನ್ನು ನೋಡಿ ಯಾರದು ಯಾವ ಕಾರು ಎಂದು ಊಹಿಸಿದರೆ ನೂರಕ್ಕೆ 63 ಸಲ ಸರಿ ಬರುತ್ತಿತ್ತು. ನಾಣ್ಯ ಚಿಮ್ಮಿದರೂ 50 ಸಲ ಸರಿ ಬರುತ್ತದೆ. ಅಂದರೆ ನಂಟು ಇದ್ದದ್ದು ನಿಜ, ಆದರೆ ಅದನ್ನು ನಂಬಿ ಒಬ್ಬರ ಬಗ್ಗೆ ತೀರ್ಪು ಕೊಡುವಷ್ಟಲ್ಲ.

ಇತ್ತೀಚಿನ ಒಂದು ಕೆಲಸ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಯಾನ್-ಎರಿಕ್ ಲೋನ್‌ಕ್ವಿಸ್ಟ್ ಮತ್ತು ಸಂಗಡಿಗರು ಫಿನ್‌ಲ್ಯಾಂಡಿನ 1,892 ಕಾರು ಮಾಲೀಕರನ್ನು ಕೇಳಿ ನೋಡಿದರು. ಔಡಿ, ಬಿಎಂಡಬ್ಲ್ಯೂ, ಮರ್ಸಿಡಿಸ್ ಥರದ ಪ್ರತಿಷ್ಠೆಯ ಕಾರುಗಳು ಯಾರ ಬಳಿ ಇವೆ ಎಂಬುದು ಪ್ರಶ್ನೆ. ಹಟಮಾರಿ, ಜಗಳಗಂಟ, ಬೇರೆಯವರ ನೋವಿಗೆ ಮಿಡಿಯದ ಗಂಡಸರ ಬಳಿ ಇಂಥ ಕಾರು ಇರುವ ಸಾಧ್ಯತೆ ಹೆಚ್ಚು ಎಂದು ಕಂಡಿತು. ಜನ ಅಂದುಕೊಂಡಿದ್ದೂ ಅದನ್ನೇ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪೂ ಸಿಕ್ಕಿತು: ಅಚ್ಚುಕಟ್ಟಿನ, ಹೊಣೆಗಾರಿಕೆಯ, ಕೆಲಸವನ್ನು ಅರ್ಧಕ್ಕೆ ಬಿಡದ ಜನ. ಇವರಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಒಬ್ಬರಿಗೆ ಆ ಕಾರು ಬೇಕಾದದ್ದು ಎದುರಿನವರು ದಾರಿ ಬಿಡಲಿ ಎಂದು, ಇನ್ನೊಬ್ಬರಿಗೆ ಬೇಕಾದದ್ದು ವರ್ಷಗಟ್ಟಲೆ ಕೈಕೊಡದೆ ಓಡಲಿ ಎಂದು. ಎರಡೂ ಕಾರು ಸಿಗ್ನಲ್ಲಿನಲ್ಲಿ ಅಕ್ಕಪಕ್ಕ ನಿಂತರೆ ಹೊರಗಿನಿಂದ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ‘ಯಾವ ಕಾರು’ ಎಂಬ ಪ್ರಶ್ನೆ ಸೋಲುವುದು ಇಲ್ಲೇ.

ಹಾಗಾದರೆ ಕಾರಿನಿಂದ ಸ್ವಭಾವ ಹೇಳುವ ಆ ರಸಪ್ರಶ್ನೆಗಳು ಓದಿದಾಗ ‘ಅರೆ, ಇದು ನನ್ನದೇ’ ಅನ್ನಿಸುವುದೇಕೆ? ಇದಕ್ಕೆ ಉತ್ತರ 1948ರಲ್ಲೇ ಸಿಕ್ಕಿದೆ. ಮನೋವಿಜ್ಞಾನಿ ಬರ್ಟ್ರಾಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರ ಕೈಗೂ ‘ನಿಮ್ಮ ವ್ಯಕ್ತಿತ್ವ’ ಎಂದು ಒಂದು ಬರಹ ಇಟ್ಟರು. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಿ ಎಂದಾಗ ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ‘ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಅಳುಕು ಇದೆ’ ಎಂದು ಯಾವ ಕಾರಿನವರಿಗೆ ಹೇಳಿದರೂ ತಲೆಯಾಡಿಸುತ್ತಾರೆ.

ಇನ್ನು ಇಷ್ಟದ ಕಾರು ನಿಜವಾಗಿ ಏನು ಹೇಳುತ್ತದೆ ಎಂಬುದಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚಾಗಿ ಅದು ನಿಮ್ಮ ವಯಸ್ಸನ್ನು ಹೇಳುತ್ತದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಿಮ್ಮ ಹರೆಯ ಯಾವ ಕಾಲದಲ್ಲಿ ಕಳೆಯಿತು ಎಂಬುದನ್ನು. ಗ್ರಾಹಕರ ಒಲವುಗಳ ಸಂಶೋಧಕರಾದ ರಾಬರ್ಟ್ ಶಿಂಡ್ಲರ್ ಮತ್ತು ಮಾರಿಸ್ ಹೋಲ್‌ಬ್ರುಕ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಬೇರೆ ಕಾಲದ ಕಾರುಗಳ ವಿನ್ಯಾಸ ತೋರಿಸಿ ಯಾವುದು ಹಿಡಿಸುತ್ತದೆ ಎಂದು ಕೇಳಿದ್ದರು. ಗಂಡಸರ ಒಲವು ತಾವು ಯುವಕರಾಗಿದ್ದ ಕಾಲದ ವಿನ್ಯಾಸಗಳ ಕಡೆಗೆ ವಾಲುತ್ತಿತ್ತು. ಹೆಂಗಸರಲ್ಲಿ ಈ ಒಲವು ಕಾಣಲಿಲ್ಲ. ಕಾರಿನೊಂದಿಗೆ ಆ ವಯಸ್ಸಿನಲ್ಲಿ ಯಾರಿಗೆ ಎಷ್ಟು ಒಡನಾಟ ಸಿಕ್ಕಿತು ಎಂಬುದರ ಮೇಲೆ ಇದು ನಿಂತಿರಬೇಕು ಎಂಬುದು ನನ್ನ ಅಂದಾಜು.

ಇಷ್ಟದ ಕಾರಿನ ಬಗ್ಗೆ ಮಾತನಾಡುವವರನ್ನು ಗಮನಿಸಿ ನೋಡಿ. ಎಂಜಿನ್ ಎಷ್ಟು ಸಿಸಿ ಎಂಬುದರಿಂದ ಶುರು ಮಾಡುತ್ತಾರೆ, ಎರಡು ನಿಮಿಷದಲ್ಲಿ ಬಾಗಿಲು ಹಾಕಿದಾಗ ಬರುತ್ತಿದ್ದ ದಪ್ಪ ಸದ್ದಿಗೆ ಬಂದಿರುತ್ತಾರೆ. ಬಿಸಿಲಿಗೆ ನಿಂತ ಕಾರಿನ ರೆಕ್ಸಿನ್ ಸೀಟು ತೊಡೆಗೆ ಅಂಟಿಕೊಳ್ಳುತ್ತಿದ್ದದ್ದು, ಎರಡನೇ ಗೇರಿಗೆ ಹಾಕುವಾಗ ಲಿವರ್ ಕೊಂಚ ತಡೆಯುತ್ತಿದ್ದದ್ದು, ಅದಕ್ಕೆ ಚಿಕ್ಕಪ್ಪ ಅಂಗೈಯಿಂದ ಒಂದು ತಟ್ಟು ಕೊಡುತ್ತಿದ್ದದ್ದು. ಆ ಹೊತ್ತಿಗೆ ಮಾತು ಕಾರನ್ನು ದಾಟಿ ಚಿಕ್ಕಪ್ಪನ ಹತ್ತಿರ ಹೋಗಿರುತ್ತದೆ. ವಸ್ತುಗಳು ನಮ್ಮ ವ್ಯಕ್ತಿತ್ವದ ಚಾಚಿದ ಭಾಗ ಎಂದು ಗ್ರಾಹಕರ ನಡವಳಿಕೆಯ ಸಂಶೋಧಕ ರಸೆಲ್ ಬೆಲ್ಕ್ 1988ರಲ್ಲಿ ವಾದಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಇಂಥ ನಂಟು. ಅವರ ಪ್ರಕಾರ ಕಾರು ಆ ಪಟ್ಟಿಯಲ್ಲಿ ಸುಲಭವಾಗಿ ಸೇರುತ್ತದೆ. ಕಾರಿಗೆ ಗೀರು ಬಿದ್ದರೆ ತಮ್ಮ ಮೈಗೇ ಬಿದ್ದಂತೆ ಸಂಕಟಪಡುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟದ ಕಾರು ಹೇಳುವ ಎರಡನೆಯ ಸಂಗತಿ, ನಾವು ಹೇಗೆ ಕಾಣಬೇಕೆಂದು ಬಯಸುತ್ತೇವೆ ಎಂಬುದು. ಕಾರಿನ ಮುಂಭಾಗದಲ್ಲಿ ಜನ ಮುಖ ಕಾಣುತ್ತಾರೆ, ಹೆಡ್‌ಲೈಟು ಕಣ್ಣು, ಗ್ರಿಲ್ ಬಾಯಿ. ಆಸ್ಟ್ರಿಯಾದ ವಿಯೆನ್ನಾ ವಿಶ್ವವಿದ್ಯಾಲಯದ ಸೋನ್ಯಾ ವಿಂಡ್‌ಹಾಗರ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಅಳೆದು ತೋರಿಸಿದರು. ಅಗಲವಾಗಿ ನೆಲಕ್ಕೆ ಹತ್ತಿರವಿದ್ದು ಹೆಡ್‌ಲೈಟು ಕಿರಿದಾಗಿರುವ ಕಾರು ಅಧಿಕಾರದ, ಬಲಿತ ಮುಖದಂತೆ ಕಾಣುತ್ತದೆ. ಬಹಳ ಜನ ಮೆಚ್ಚಿದ್ದೂ ಇಂಥ ಗದರುವ ಮುಖಗಳನ್ನೇ. ಮುಂದೆ ಇಥಿಯೋಪಿಯಾದಲ್ಲಿ ಕೇಳಿದಾಗಲೂ ಜನ ಕಾರಿನ ಮುಖವನ್ನು ಆಸ್ಟ್ರಿಯಾದವರಂತೆಯೇ ಓದಿದರು. ದುಂಡು ಕಣ್ಣಿನ ಪುಟ್ಟ ಕಾರನ್ನು ಇಷ್ಟಪಡುವವರು ಮೃದು, ಗುರಾಯಿಸುವ ಕಾರನ್ನು ಇಷ್ಟಪಡುವವರು ಒರಟು ಎಂದು ಇದರಿಂದ ತೀರ್ಮಾನಿಸಬಾರದು. ರಸ್ತೆಯಲ್ಲಿ ಅಂಜಿಕೆಯಿರುವವರೇ ಗದರುವ ಮುಖದ ಹಿಂದೆ ಕೂರಲು ಬಯಸಬಹುದಲ್ಲ.

ಕಾಣಿಸಿಕೊಳ್ಳುವ ಆಸೆ ಅಂದರೆ ಸಿರಿವಂತಿಕೆಯ ಪ್ರದರ್ಶನ ಮಾತ್ರವೂ ಅಲ್ಲ. 1997ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಟೊಯೊಟಾ ಪ್ರಿಯಸ್, ಅಂದರೆ ಪೆಟ್ರೋಲಿನ ಜೊತೆಗೆ ಬ್ಯಾಟರಿಯ ಬಲದಿಂದಲೂ ಓಡುವ ಹೈಬ್ರಿಡ್ ಕಾರು, ಇದಕ್ಕೆ ಒಳ್ಳೆಯ ಉದಾಹರಣೆ. ಹೋಂಡಾ ಸಿವಿಕ್‌ನ ಹೈಬ್ರಿಡ್ ನೋಡಲು ಮಾಮೂಲಿ ಸಿವಿಕ್‌ನಂತೆಯೇ ಇತ್ತು. ಪ್ರಿಯಸ್‌ನ ಆಕಾರ ಮಾತ್ರ ದೂರದಿಂದಲೇ ಗುರುತು ಸಿಗುವಂಥದ್ದು. 2007ರ ಒಂದು ಸಮೀಕ್ಷೆಯಲ್ಲಿ ಅಮೆರಿಕದ ಪ್ರಿಯಸ್ ಕೊಂಡವರಲ್ಲಿ ನೂರಕ್ಕೆ 57 ಮಂದಿ ‘ಇದು ನನ್ನ ಬಗ್ಗೆ ಏನೋ ಹೇಳುತ್ತದೆ’ ಎಂಬುದನ್ನೇ ಮುಖ್ಯ ಕಾರಣವಾಗಿ ಕೊಟ್ಟರು. ಪರಿಸರದ ಕಾಳಜಿ ಅವರಲ್ಲಿ ಸುಳ್ಳಾಗಿತ್ತು ಎಂದು ನಾನು ಹೇಳಲಾರೆ. ಕಾಳಜಿಯೂ ಇರಬಹುದು, ಅದು ನಾಲ್ಕು ಜನಕ್ಕೆ ಕಾಣಲಿ ಎಂಬ ಆಸೆಯೂ ಇರಬಹುದು. ಎರಡೂ ಒಂದೇ ಎದೆಯಲ್ಲಿ ಇರುತ್ತವೆ.

ಇಷ್ಟವೇ ಕೊಳ್ಳುವುದಕ್ಕೆ ಕಾರಣ ಅಂದುಕೊಂಡಿದ್ದರೆ, ಎಷ್ಟೋ ಸಲ ಅದು ತಿರುವುಮುರುವು. 1957ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಆಗತಾನೇ ಕಾರು ಕೊಂಡವರು ತಾವು ಕೊಂಡ ಕಾರಿನ ಜಾಹೀರಾತುಗಳನ್ನೇ ಹೆಚ್ಚಾಗಿ ಓದುತ್ತಿದ್ದರು, ನೋಡಿ ಬಿಟ್ಟುಬಂದ ಕಾರುಗಳದ್ದನ್ನು ಅಷ್ಟಾಗಿ ಓದುತ್ತಿರಲಿಲ್ಲ. ಕೊಟ್ಟ ದುಡ್ಡು ಸಾರ್ಥಕವಾಯಿತು ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. ಹಾಗಾಗಿ ‘ನನ್ನಿಷ್ಟದ ಕಾರು ನನ್ನದೇ’ ಎನ್ನುವವರ ಮಾತಿನಲ್ಲಿ ಒಲವೆಷ್ಟು, ಸಮಾಧಾನವೆಷ್ಟು ಎಂದು ಬೇರೆ ಮಾಡುವುದು ಕಷ್ಟ.

ಬಣ್ಣದ ಮಾತನ್ನು ಬೇಗ ಮುಗಿಸಬಹುದು. ಲೋಕದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಬಹುಪಾಲು ಬಿಳಿ, ಕಪ್ಪು, ಬೂದು, ಬೆಳ್ಳಿ. ಬಿಳಿ ಬಿಸಿಲಿಗೆ ಅಷ್ಟು ಕಾಯುವುದಿಲ್ಲ, ಮತ್ತೆ ಮಾರುವಾಗ ಗಿರಾಕಿ ಸುಲಭವಾಗಿ ಸಿಗುತ್ತಾರೆ. ಇದರಲ್ಲಿ ಹುಡುಕಲು ಸ್ವಭಾವವೇನೂ ಇಲ್ಲ.

ಸ್ವಭಾವವೇ ಬೇಕಿದ್ದರೆ ಕಾರಿನ ಹೆಸರನ್ನು ಬಿಟ್ಟು ಅದನ್ನು ಇಟ್ಟುಕೊಂಡ ರೀತಿಯನ್ನು ನೋಡಿ. ಗ್ಲೋವ್ ಬಾಕ್ಸಿನಲ್ಲಿ ಸರ್ವಿಸ್ ಬಿಲ್ಲುಗಳು ತಾರೀಖಿನ ಪ್ರಕಾರ ಇವೆಯೋ, ಮುದ್ದೆಯಾಗಿ ತುರುಕಿವೆಯೋ. ಸ್ಟೆಪ್ನಿಯಲ್ಲಿ ಗಾಳಿ ಇದೆಯೋ. ಹಿಂದಿನ ಸೀಟಿನಲ್ಲಿ ಕೂರುವವರಿಗೆ ಜಾಗ ಇದೆಯೋ, ಸಾಮಾನು ಸರಿಸಬೇಕೋ. ಕೊಲರಾಡೋ ರಾಜ್ಯ ವಿಶ್ವವಿದ್ಯಾಲಯದ ವಿಲಿಯಂ ಸ್ಲೆಮ್ಕೊ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು ಇಂಥದ್ದೇ ಒಂದು ಗುರುತಿನ ಬಗ್ಗೆ. ಕಾರಿಗೆ ಸ್ಟಿಕ್ಕರ್, ಅಲಂಕಾರಗಳನ್ನು ಹೆಚ್ಚು ಅಂಟಿಸಿ ‘ಇದು ನನ್ನದು’ ಎಂದು ಗುರುತು ಮಾಡಿದವರು ರಸ್ತೆಯಲ್ಲಿ ಹೆಚ್ಚು ಸಿಟ್ಟಿನಿಂದ ಓಡಿಸುತ್ತಿದ್ದರು. ಕಾರಿನ ಬೆಲೆಗಿಂತ, ಮಾಡೆಲ್ಲಿಗಿಂತ ಸ್ಟಿಕ್ಕರುಗಳ ಸಂಖ್ಯೆಯೇ ಅದನ್ನು ಚೆನ್ನಾಗಿ ಸೂಚಿಸುತ್ತಿತ್ತು. ಅದರ ಮೇಲೆ ಬರೆದದ್ದು ಶಾಂತಿಯ ಮಾತಾದರೂ ಲೆಕ್ಕ ಬದಲಾಗಲಿಲ್ಲ.